ಸೂರಿಗೆ ಹತ್ತಿದ ಕರೆಂಟು

ಆಲಿಕಲ್ಲು ಮಳೆ ನಿಂತು ಚಹಾ ಗಿಡಗಳ ಮೇಲೆ ಬಿಸಿಲು ಬಿದ್ದಿತ್ತು. ಕೂಸಿನ ಬಟ್ಟೆಗಳನ್ನು ಹಿಂಡಿಕೊಂಡು ಬೊಸಿಬೊರಿ ಅಂಗಳಕ್ಕೆ ಬಂದಳು. ಮನೆಯ ತಗಡಿನ ಸೂರಿನಿಂದ ಸೀಬೆ ಮರಕ್ಕೆ ಎಳೆದು ಕಟ್ಟಿದ್ದ ಕಬ್ಬಿಣದ ತಂತಿಯ ಮೇಲೆ ಅವಳು ಯಾವಾಗಲೂ ಬಟ್ಟೆ ಹರಡುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ನೆಲ ಒದ್ದೆಯಿತ್ತು. ತಂತಿಗೆ ಕೈ ತಾಗಿದ್ದೇ ತಡ, ಬೆರಳಿನಿಂದ ಹೆಗಲವರೆಗೆ ಜುಮ್ಮೆಂದು ಎಳೆದುಬಿಟ್ಟಿತು. ಅವಳು ಹಿಂದಕ್ಕೆ ಬಿದ್ದಳು. ಬುಟ್ಟಿ ಕೆಸರಲ್ಲಿ ಉರುಳಿತು.

ಮೇಲಿನ ಅಂಗಳದಲ್ಲಿ ಹಸುವಿಗೆ ಹುಲ್ಲು ಕತ್ತರಿಸುತ್ತಿದ್ದ ಅವಳ ಮಾವ ಮರೂಬೆ, ಕತ್ತಿ ಬಿಸಾಡಿ ಇಳಿಜಾರಿನಲ್ಲಿ ಓಡಿಬಂದರು. ಅಷ್ಟರಲ್ಲಿ ಸೊಸೆ ತಾನೇ ಎದ್ದು ಕೂತಿದ್ದಳು.

"ಏನಾಯ್ತು ಮಗಳೇ?"

"ತಂತಿ ಕಚ್ಚಿತು ಮಾವ."

ಅವರು ತಮ್ಮ ಮನೆಯಿಂದ ಟೆಸ್ಟರ್ ತಂದು ತಂತಿಗೆ ಮುಟ್ಟಿಸಿದರು. ಒಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು. ಸೂರಿನ ತಗಡಿಗೆ ಮುಟ್ಟಿಸಿದರು. ಅಲ್ಲೂ ಹತ್ತಿತು. ಇಡೀ ಸೂರಿಗೇ ಕರೆಂಟು ಬಂದಿತ್ತು, ಆ ಸೂರಿನ ಕೆಳಗೆ ಮೊಮ್ಮಗ ಸಾಗ್ವೆ ನಿದ್ದೆ ಹೋಗಿದ್ದ.

ಅವರು ಒಂದೇ ಉಸಿರಿಗೆ ಮೆಟ್ಟಿಲವರೆಗೆ ಹೋದರು. ಹೊಸ್ತಿಲ ಮುಂದೆ ಕಾಲು ತಾನಾಗಿ ನಿಂತಿತು.

"ನೀನು ಹೋಗು. ಚಪ್ಪಲಿ ಹಾಕ್ಕೊ. ಬಾಗಿಲ ಪಕ್ಕದ ಮೈನ್ ಆರಿಸು. ಇನ್ನೇನೂ ಮುಟ್ಟಬೇಡ. ಆಮೇಲೆ ಮಗೂನ ಎತ್ಕೊಂಡು ಬಾ," ಎಂದರು.

ಮದುವೆಯಾದ ಮಗನ ಮನೆಯೊಳಗೆ ತಂದೆ ಕಾಲಿಡುವುದಿಲ್ಲ. ಕಿಸಿ ಸೀಮೆಯ ಆ ಗುಡ್ಡಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಮಗ ಮನೆ ಕಟ್ಟಿ ಹೆಂಡತಿಯನ್ನು ತಂದ ದಿನದಿಂದ ಆ ಹೊಸ್ತಿಲು ತಂದೆಗೆ ಗಡಿ. ಮಾವ ಸೊಸೆ ಅಂಗಳದಲ್ಲಿ ಮಾತಾಡಬಹುದು, ಮಳೆಬೆಳೆಯ ಬಗ್ಗೆ, ಹಸುವಿನ ಬಗ್ಗೆ. ಮಂಚ, ಹಾಸಿಗೆ, ಮಲಗುವ ಕೋಣೆ ಇಂಥ ಮಾತು ಇಬ್ಬರ ನಡುವೆ ಸುಳಿಯಬಾರದು. ಹಾಗೆ ಸುಳಿದರೆ ಅವಮಾನ ಒಬ್ಬರದಲ್ಲ, ಇಡೀ ಮನೆತನದ್ದು. ನೈರೋಬಿಯಲ್ಲಿ ಇಷ್ಟು ವರ್ಷ ಇದ್ದುಬಂದ ಮರೂಬೆಯವರಿಗೂ ಇದು ಮೈಗೆ ಹತ್ತಿದ ಮರ್ಯಾದೆಯೇ ಆಗಿತ್ತು.

ಬೊಸಿಬೊರಿ ಮೈನ್ ಆರಿಸಿ, ಕೂಸನ್ನು ಎತ್ತಿಕೊಂಡು ಬಂದಳು. ಟೆಸ್ಟರಿನ ದೀಪ ಆರಿತು. ಮರೂಬೆ ಉಸಿರು ಬಿಟ್ಟರು.

ಆ ಗುಡ್ಡದವರಿಗೆ ಮರೂಬೆ ಎಂದರೆ "ಕರೆಂಟಿನ ಪ್ರೊಫೆಸರ್". ಹುಡುಗನಾಗಿದ್ದಾಗ ದನ ಕಾಯುತ್ತ, ಕಣಿವೆ ದಾಟಿ ಹೋಗುವ ದೊಡ್ಡ ಕಂಬಗಳ ಸಾಲನ್ನು ನೋಡಿಕೊಂಡು ಕೂತಿರುತ್ತಿದ್ದವರು. ತಂತಿ ತಲೆಯ ಮೇಲೆಯೇ ಹೋಗುತ್ತಿತ್ತು, ಊರಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ಮಿಷನ್ ಶಾಲೆಯಲ್ಲಿ ಓದಿ, ವಿದ್ಯಾರ್ಥಿವೇತನ ಹಿಡಿದು ಸ್ಕಾಟ್‌ಲೆಂಡಿನ ಚಳಿಯಲ್ಲಿ ಪಿಎಚ್‌ಡಿ ಮುಗಿಸಿ, ನೈರೋಬಿಯ ವಿಶ್ವವಿದ್ಯಾಲಯಕ್ಕೆ ಮೇಷ್ಟರಾಗಿ ಸೇರಿದರು. ಅವರ ವಿಷಯ ಒಂದೇ. ಉದ್ದ ಲೈನಿನಲ್ಲಿ ಎಲ್ಲೋ ಕಾಡಿನೊಳಗೆ ದೋಷ ಬಿದ್ದರೆ, ಲೈನಿನುದ್ದಕ್ಕೂ ನಡೆಯದೆ, ಒಂದು ತುದಿಯಲ್ಲೇ ಕೂತು ಅದು ಎಲ್ಲಿದೆ ಎಂದು ಲೆಕ್ಕ ಹಾಕುವುದು. ಆ ಲೆಕ್ಕದ ಮೇಲೆಯೇ ಅವರು ರೀಡರ್ ಆದರು, ಪ್ರೊಫೆಸರ್ ಆದರು, ವಿಭಾಗದ ಮುಖ್ಯಸ್ಥರಾಗಿ ಮುಷ್ಕರ, ಕಲ್ಲೆಸೆತ, ಬೀಗ ಮುರಿದ ಲ್ಯಾಬು ಎಲ್ಲ ನೋಡಿದರು. ದೇಶದ ಸಬ್‌ಸ್ಟೇಷನ್ನುಗಳಲ್ಲಿ ಕೂತಿರುವ ಇಂಜಿನಿಯರುಗಳಲ್ಲಿ ಅವರ ಕೈಯಲ್ಲಿ ಬೈಸಿಕೊಳ್ಳದವರು ಕಡಿಮೆ. ಈಗಲೂ ಯಾವನೋ ಹಳೆಯ ಶಿಷ್ಯ ಫೋನ್ ಮಾಡಿ, "ಸರ್, ಲೈನು ಟ್ರಿಪ್ ಆಗಿದೆ, ಅಂಕಿ ಹೀಗೆ ಬರ್ತಿದೆ," ಎನ್ನುತ್ತಿದ್ದ. ಅವರು ಬಾಳೆಗಿಡದ ಬುಡದಲ್ಲಿ ನಿಂತೇ, "ನದಿ ದಾಟಿದ ಮೇಲಿನ ಕಂಬ ನೋಡಿಸು," ಎನ್ನುತ್ತಿದ್ದರು. ಬಹುಪಾಲು ಅಲ್ಲೇ ಸಿಗುತ್ತಿತ್ತು.

ಕಳೆದ ವರ್ಷ ನಿವೃತ್ತರಾಗಿ ಊರಿಗೆ ಬಂದಾಗ ಗುಡ್ಡಕ್ಕೆ ಹೊಸದಾಗಿ ಕಂಬಗಳು ಬಂದಿದ್ದವು. ಬೊಸಿಬೊರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವವಳು. "ಮೆಶಿನ್ನಿಗೆ ಮೋಟರ್ ಹಾಕ್ಕೋಬಹುದು," ಎಂದು ಅವಳನ್ನು ಒಪ್ಪಿಸಿ, ಮಗ ಮೊಕಾಯನ ಮನೆಗೆ ಕರೆಂಟು ಹಾಕಿಸಿದ್ದು ಮರೂಬೆಯವರೇ. ವೈರಿಂಗ್ ಮಾಡಿದ್ದು ಸಂತೆಬೀದಿಯ ವೈರ್‌ಮನ್ ನ್ಯಾಕುಂಡಿ. ಪ್ರೊಫೆಸರ್ ಜೀವನದಲ್ಲಿ ಒಂದು ಮನೆಗೂ ವೈರಿಂಗ್ ಮಾಡಿದವರಲ್ಲ.

ಮರುದಿನ ಬೆಳಿಗ್ಗೆ ಅವರು ಅಂಗಳದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಸೊಸೆ ಒಳಗಿನಿಂದ ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿದಳು, ತೆಗೆದಳು. ಪ್ಲಗ್ಗುಗಳ ಸಾಲು ಹಾಕಿದರೆ ಸೂರು ಸುಮ್ಮನಿರುತ್ತಿತ್ತು. ದೀಪಗಳ ಸಾಲು ಹಾಕಿದರೆ ಟೆಸ್ಟರ್ ಹತ್ತುತ್ತಿತ್ತು.

"ದೀಪದ ವೈರಲ್ಲೇ ಇದೆ," ಎಂದರು ಮರೂಬೆ. "ಮನೇಲಿ ಈಚೆಗೆ ಹೊಸದಾಗಿ ಏನಾದ್ರೂ ಹೊಡೆದ್ಯಾ ಮಗಳೇ? ಮೊಳೆ ಗಿಳೆ?"

ಬಾಗಿಲ ಪರದೆ ಒಮ್ಮೆ ಅಲ್ಲಾಡಿತು. ಆಮೇಲೆ, "ಮುಂದಿನ ಕೋಣೇಲಿ ಚರ್ಚಿನ ಕ್ಯಾಲೆಂಡರ್ ಹಾಕಿದೀನಿ ಮಾವ," ಎಂದಳು.

"ಅದೇ ಇರಬೇಕು. ದೀಪದ ಸಾಲು ಆರಿಸಿಬಿಡು. ನ್ಯಾಕುಂಡಿ ಬರೋತನಕ ಹಾಗೇ ಇರಲಿ. ಈಗ ಸೂರು ಕಚ್ಚಲ್ಲ. ನೀನು ಧೈರ್ಯವಾಗಿ ಮನೇಲಿರಬಹುದು."

ಬೊಸಿಬೊರಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಬಂದಳು. ತಲೆ ತಗ್ಗಿಸಿಯೇ ಮಾತಾಡಿದಳು, ಮಾತು ಮಾತ್ರ ತಗ್ಗಿರಲಿಲ್ಲ.

"ಮನೆಯೊಳಗೆ ಹಾವಿದೆ, ಈಗ ಮಲಗಿದೆ, ಹೆದರಬೇಡ ಅಂದಂಗಾಯ್ತು ಮಾವ. ಅದು ಎಲ್ಲಿದೆ ಅಂತ ಗೊತ್ತಾಗ್ಲಿ. ಅಲ್ಲೀತನಕ ನಾನು ಮಗೂನ ಅಲ್ಲಿ ಇರಿಸಲ್ಲ."

ಅವಳು ಅಂಗಳದಾಚೆಯ ಅಡುಗೆ ಗುಡಿಸಲಿಗೆ ಹೋಗಿ ಸೇರಿಕೊಂಡಳು. ಮಣ್ಣಿನ ಗೋಡೆ, ಹುಲ್ಲಿನ ಸೂರು, ಮೂರು ಕಲ್ಲಿನ ಒಲೆ. ಜುಲೈ ತಿಂಗಳ ಚಳಿಗೆ ಒಲೆ ಆರಿಸುವಂತಿಲ್ಲ, ಉರಿಸಿದರೆ ಹೊಗೆ. ಸಾಗ್ವೆ ಕೆಮ್ಮತೊಡಗಿದ. ಮೊಕಾಯ ಮೊಂಬಾಸದಿಂದ ಉಗಾಂಡಕ್ಕೆ ಲಾರಿ ಓಡಿಸುವವನು. ಅವನ ಲಾರಿ ಗಡಿಯ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. "ಯಾವಾಗ ಬಿಡ್ತಾರೋ ದೇವರಿಗೇ ಗೊತ್ತು ಅಪ್ಪ," ಎಂದ ಫೋನಿನಲ್ಲಿ. "ಅವಳು ಶನಿವಾರ ತವರಿಗೆ ಹೋಗ್ತೀನಿ ಅಂತಿದಾಳೆ. ಏನಾದ್ರೂ ಮಾಡಿ."

ಸಂತೆಯ ದಿನ ಕೂಸು ಕಟ್ಟಿಕೊಂಡು ಸೊಸೆ ತವರಿನ ದಾರಿ ಹಿಡಿದರೆ ಗುಡ್ಡದ ಎರಡೂ ಮಗ್ಗುಲಿಗೆ ಸುದ್ದಿ. ಸುದ್ದಿಯಾದರೂ ಆಗಲಿ, ಹೆದರಿ ಹೋದವಳು ಹೆದರಿಕೆಯನ್ನು ಅಲ್ಲೇ ಬಿಟ್ಟು ಬರುತ್ತಾಳೆಂದು ಯಾರು ಹೇಳಬೇಕು? ಮರೂಬೆಯವರಿಗೆ ಆ ಹುಡುಗಿಯ ಮೇಲೆ ಮಮತೆಯಿತ್ತು. ಬೆಳಗಿನ ಹೊತ್ತು ಅವಳ ಹೊಲಿಗೆ ಯಂತ್ರದ ಸದ್ದು ಕೇಳದಿದ್ದರೆ ಅವರಿಗೆ ಗಂಜಿ ಇಳಿಯುತ್ತಿರಲಿಲ್ಲ.

ನ್ಯಾಕುಂಡಿ ಬೈಸಿಕಲ್ಲಿನಲ್ಲಿ ಬಂದ. ಪ್ರೊಫೆಸರನ್ನು ನೋಡಿದ್ದೇ ಟೊಪ್ಪಿ ತೆಗೆದ. ಮುಂದಿನ ಕೋಣೆಯ ಹಲಗೆಯ ಅಟ್ಟ ಬಿಚ್ಚಿದ. ಕ್ಯಾಲೆಂಡರಿನ ಮೊಳೆ ವೈರಿನಿಂದ ಒಂದು ಮೊಳ ದೂರದಲ್ಲಿತ್ತು. ಆದರೂ ಇರಲಿ ಎಂದು ಆ ಕೋಣೆಯ ವೈರನ್ನೆಲ್ಲ ಬದಲಾಯಿಸಿದ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ಸಲಾಕೆಯನ್ನು ಇಷ್ಟು ದಿನ ಹಾಕದೆ ಬಿಟ್ಟದ್ದಕ್ಕೆ ಮರೂಬೆ ಅವನಿಗೆ ಸಾಕಷ್ಟು ಉಗಿದರು. ಅವನು ಮುಂದಿನ ವಾರ ತಂದು ನೆಡುತ್ತೇನೆಂದು ಒಪ್ಪಿಕೊಂಡ. ಸಂಜೆಯ ಹೊತ್ತಿಗೆ ದೀಪದ ಸ್ವಿಚ್ಚು ಹಾಕಿ ನೋಡಿದರೆ ಟೆಸ್ಟರ್ ಮತ್ತೆ ಕೆಂಪಗೆ ಹತ್ತಿತು.

"ಉಳಿದ ಕಡೆ ನೋಡಿದ್ಯಾ?"

"ಸಾಮಾನಿನ ಕೋಣೆ ನೋಡ್ದೆ ಸರ್. ಚೊಕ್ಕಟವಾಗಿದೆ."

"ಇನ್ನುಳಿದದ್ದು?"

ನ್ಯಾಕುಂಡಿ ತನ್ನ ಇಕ್ಕಳವನ್ನು ನೋಡಿಕೊಂಡ. "ಮೊಕಾಯ ಊರಲ್ಲಿಲ್ಲವಲ್ಲ ಸರ್."

"ಹೌದು, ಹೌದು," ಎಂದರು ಮರೂಬೆ. ಗಂಡ ಊರಲ್ಲಿಲ್ಲದಾಗ ಅವನ ಹೆಂಡತಿಯ ಮಲಗುವ ಕೋಣೆಗೆ ಪರ ಗಂಡಸು ಕಾಲಿಡಲಾರ. ಇಬ್ಬರೂ ಸ್ವಲ್ಪ ಹೊತ್ತು ಮಳೆಯ ಬಗ್ಗೆ ಮಾತಾಡಿದರು. ನ್ಯಾಕುಂಡಿ ಬೈಸಿಕಲ್ ಹತ್ತಿ ಹೋದ.

ಆ ಸಂಜೆ ಹೆಂಡತಿ ಕೆಮುಂಟೊ ರಾಗಿ ಮುದ್ದೆಯ ಬುಟ್ಟಿಯನ್ನೂ ಸೊಪ್ಪಿನ ಪಲ್ಯವನ್ನೂ ಮುಂದಿಟ್ಟಾಗ ಅವರ ಕೈ ತಟ್ಟೆಗೆ ಹೋಗಲಿಲ್ಲ.

"ಏನ್ ಮೊಕಾಯನಪ್ಪ, ನೈರೋಬೀಲಿ ಕೂತು ಮೊಂಬಾಸದ ಲೈನಲ್ಲಿ ಏನಾಗಿದೆ ಅಂತ ಹೇಳ್ತಿದ್ರಿ. ಇಲ್ಲಿ ಸೀಬೆ ಮರದ ಕೆಳಗೆ ಕೂತು ಮೂರು ಕೋಣೆ ಮನೇಲಿ ಏನಾಗಿದೆ ಅಂತ ತಿಳೀಲಿಲ್ಲವೇ?"

"ಮೂರರಲ್ಲಿ ಎರಡು ಸರಿ ಇದೆ. ಮೂರನೇದರಲ್ಲೇ ಇರಬೇಕು."

"ಹಾಗಾದ್ರೆ ನೋಡ್ಸಿ."

"ಯಾರ್ ಹತ್ರ ನೋಡ್ಸಲಿ? ನೀನು ಹೋಗಿ ನೋಡ್ತೀಯಾ?"

ಕೆಮುಂಟೊ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು. "ಮಗ ಸೊಸೆ ಮಲಗೋ ಕಡೆ ನಾನು ಹೋಗ್ಲಾ? ನಿಮಗೆ ಪಿಂಚಣಿ ಬಂದ ಮೇಲೆ ತಲೆ ನೆಟ್ಟಗಿಲ್ಲ. ಹೋದ್ರೂ ಏನ್ ನೋಡ್ಲಿ? ನಿಮ್ಮ ಜೊತೆ ಇಷ್ಟು ವರ್ಷ ಬಾಳಿದೀನಿ, ಇವತ್ತಿಗೂ ಬಲ್ಬು ಬದಲಾಯಿಸೋಕೆ ಹೆದರ್ತೀನಿ."

"ನೋಡೋದು ಬೇಡ, ಕೇಳು. ಮೇಲಿನ ತೊಲೆ ಹತ್ರ ವೈರಿಗೆ ಏನಾದ್ರೂ ತಾಗಿದೆಯಾ, ಏನಾದ್ರೂ ಹೊಡೆದಿದಾಳಾ ಅಂತ ಕೇಳು. ಹೆಂಗಸರು ಹೆಂಗಸರು ಮಾತಾಡ್ಕೊಂಡ್ರೆ ಆಗುತ್ತಲ್ಲ."

ಕೆಮುಂಟೊ ಬೆಳಿಗ್ಗೆ ಹಾಲಿನ ಸೋರೆಬುರುಡೆ ಹಿಡಿದು ಗುಡಿಸಲಿಗೆ ಹೋದಳು. ಹೋದಷ್ಟೇ ಬೇಗ ಬಂದಳು.

"ಕೇಳ್ದೆ. ಅಲ್ಲಿ ಎಲ್ಲಾ ಸರಿಯಾಗಿದೆಯಂತೆ."

"ಏನಂತ ಕೇಳ್ದೆ?"

"ಅಲ್ಲಿ ಎಲ್ಲಾ ಸರಿಯಾಗಿದೆಯೇನಮ್ಮ ಅಂತ ಕೇಳ್ದೆ. ಸರಿಯಾಗಿದೆ ಅತ್ತೆ ಅಂದ್ಲು. ಇನ್ನೇನ್ ಕೇಳ್ಬೇಕಿತ್ತು?"

ಮರೂಬೆ ಅವಳನ್ನು ಬೈಯಲಿಲ್ಲ. ತಾನೇ ಕೇಳಿದ್ದರೂ ಇದಕ್ಕಿಂತ ನೆಟ್ಟಗೆ ಕೇಳುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಬೊಸಿಬೊರಿ ಕೂಸಿನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದುದು ಕಾಣಿಸಿತು. ಗುಡಿಸಲಿನೊಳಗೆ ಸಾಗ್ವೆಯ ಕೆಮ್ಮು. ಮರೂಬೆ ಹಸುವಿಗೆ ಹುಲ್ಲು ಹಾಕಿದರು, ನೀರು ಕುಡಿಸಿದರು, ಆಮೇಲೆ ಮಾಡಲು ಕೆಲಸ ಕಾಣದೆ ಸೀಬೆ ಮರದ ಕೆಳಗೆ ಬಂದು ಕೂತರು. ಕೈಗೆ ಸಿಕ್ಕ ಕಡ್ಡಿಯಿಂದ ಒದ್ದೆ ನೆಲದ ಮೇಲೆ ಮನೆಯ ನಕ್ಷೆ ಗೀಚಿದರು. ಮೀಟರು ಇಲ್ಲಿ. ಮೈನ್ ಇಲ್ಲಿ. ಇಲ್ಲಿಂದ ದೀಪದ ವೈರು ಮುಂದಿನ ಕೋಣೆಗೆ. ಅಲ್ಲಿಂದ ಸಾಮಾನಿನ ಕೋಣೆಗೆ. ಅಲ್ಲಿಂದ ಮುಂದೆ ಗೆರೆ ಎಳೆದು, ಒಂದು ಚೌಕ ಹಾಕಿ, ಕೈ ನಿಲ್ಲಿಸಿದರು. ಉಳಿದೆರಡು ಕೋಣೆಗಳಿಗೆ ಅವರು ಹೆಸರು ಬರೆದಿದ್ದರು. ಈ ಚೌಕಕ್ಕೆ ಏನೂ ಬರೆದಿರಲಿಲ್ಲ.

ಅವರಿಗೆ ನಗು ಬಂತು. ಪ್ರತಿ ವರ್ಷ ಮೊದಲ ದಿನ, ಊರೂರಿಂದ ಬಂದು ಬಾಯಿ ಬಿಡಲು ಅಂಜುತ್ತಿದ್ದ ಹೊಸ ಹುಡುಗರ ಮುಂದೆ ಅವರು ಕಪ್ಪುಹಲಗೆಯ ಮೇಲೆ ಒಂದು ಸರ್ಕ್ಯೂಟ್ ಬರೆಯುತ್ತಿದ್ದರು. "ಲೆಕ್ಕ ಆಮೇಲೆ. ಮೊದಲು ಎಲ್ಲಾ ಬಿಂದುವಿಗೂ ಹೆಸರಿಡಿ. ಎ, ಬಿ, ಸಿ. ನೀವು ಹೆಸರಿಡದೆ ಬಿಟ್ಟ ಕಡೆಯೇ ತಪ್ಪಾಗೋದು," ಎನ್ನುತ್ತಿದ್ದರು. ಹೆಸರಿಡದೆ ಬಿಟ್ಟವನ ಉತ್ತರಪತ್ರಿಕೆಯನ್ನು ಓದದೆಯೇ ವಾಪಸು ಕೊಡುತ್ತಿದ್ದರು. ಅವನು ಇಂದು ಇಡೀ ಪಶ್ಚಿಮ ಪ್ರಾಂತದ ಕರೆಂಟು ನೋಡಿಕೊಳ್ಳುವವನಾಗಿದ್ದರೂ ಸರಿ, ಅಂದು ವಾಪಸು ತೆಗೆದುಕೊಂಡು ಹೋಗಿದ್ದ.

ಬರೆದಿದ್ದ ಹೆಸರುಗಳನ್ನು ಅಂಗೈಯಿಂದ ಅಳಿಸಿದರು. ಮುಂದಿನ ಕೋಣೆಯ ಚೌಕದಲ್ಲಿ ಎ ಎಂದು ಬರೆದರು. ಸಾಮಾನಿನ ಕೋಣೆಯಲ್ಲಿ ಬಿ. ಕೊನೆಯದರಲ್ಲಿ ಸಿ.

"ಮೊಕಾಯನಮ್ಮ, ಸೊಸೇನ ಕರಿ. ಪಾಠ ಇದೆ ಅನ್ನು."

"ಪಾಠವೇ?" ಕೆಮುಂಟೊ ಬಟ್ಟಲು ತೊಳೆಯುತ್ತಿದ್ದವಳು ಕೈ ಒರೆಸಿಕೊಂಡಳು. "ಸಂಬಳ ನಿಂತು ವರ್ಷ ಆಯ್ತು, ಚಟ ಹೋಗಿಲ್ಲ."

ಬೊಸಿಬೊರಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಮರೂಬೆ ಸ್ಟೂಲನ್ನು ಅತ್ತ ತಿರುಗಿಸಿ, ಚಹಾ ಗಿಡಗಳ ಕಡೆ ಮುಖ ಮಾಡಿ ಕೂತರು. ಕಡ್ಡಿಯನ್ನು ಮಾತ್ರ ಹಿಂದಕ್ಕೆ ಚಾಚಿದರು.

"ನೆಲದ ಮೇಲೆ ಬರೆದಿದೀನಿ, ನೋಡು ಮಗಳೇ. ಇದು ಮನೆಯಲ್ಲ, ಸರ್ಕ್ಯೂಟು. ಬಾಗಿಲಿಂದ ಒಳಗೆ ಹೋದ್ರೆ ಮೊದಲು ಎ. ಅದರ ಬಲಕ್ಕೆ ಬಿ. ಹಿಂದಗಡೆ ಸಿ. ತಿಳೀತಾ?"

"ತಿಳೀತು ಮಾವ."

"ಎ ನಲ್ಲಿ ಎಷ್ಟು ಮೊಳೆ?"

"ಒಂದು. ಕ್ಯಾಲೆಂಡರಿಂದು."

"ಬಿ ನಲ್ಲಿ?"

"ಇಲ್ಲ."

"ಸಿ ನಲ್ಲಿ?"

ಕೆಮುಂಟೊ ಬಟ್ಟಲಿನ ಕಡೆ ಬಗ್ಗಿದಳು. ಬೆಟ್ಟದಾಚೆ ಯಾರದೋ ಕತ್ತೆ ಕೂಗಿತು. ಬೊಸಿಬೊರಿ ನೆಲದ ಮೇಲಿನ ಅಕ್ಷರವನ್ನೇ ನೋಡುತ್ತ ನಿಂತಿದ್ದಳು. ಅದು ಬರೀ ಅಕ್ಷರವಾಗಿತ್ತು. ಅದರಲ್ಲಿ ಮಂಚವಿರಲಿಲ್ಲ, ಹೊದಿಕೆಯಿರಲಿಲ್ಲ.

"ಸಿ ನಲ್ಲಿ ಒಂದಿದೆ ಮಾವ," ಎಂದಳು. "ದೊಡ್ಡದು. ಮೇಲಿನ ತೊಲೆಗೆ."

"ಯಾವಾಗ ಹೊಡೆದೆ?"

"ತಂತಿ ಕಚ್ಚೋಕೆ ಎರಡು ದಿನ ಮುಂಚೆ. ಮಳೆ ಅಂತ ಬಟ್ಟೆ ಹೊರಗೆ ಹಾಕಿರಲಿಲ್ಲ. ಸೊಳ್ಳೆ ಜಾಸ್ತಿಯಾಯ್ತು. ಆಸ್ಪತ್ರೇಲಿ ಕೊಟ್ಟ ಪರದೆ ಕಟ್ಟೋಕೆ."

"ಬೆಳಕಿತ್ತಾ, ಕತ್ತಲಲ್ಲಿ ಹೊಡೆದ್ಯಾ?"

"ಕರೆಂಟು ಹೋಗಿತ್ತು. ಕೈಯಲ್ಲಿ ತಡವಿಕೊಂಡು ಹೊಡೆದೆ."

ಮರೂಬೆಯವರ ಬೆನ್ನು ನೆಟ್ಟಗಾಯಿತು. "ಪರದೇನ ಮೊಳೆಗೆ ಯಾವುದರಲ್ಲಿ ಕಟ್ಟಿದೀಯ? ದಾರದಲ್ಲಾ?"

"ದಾರ ಜೋಲುತ್ತೆ ಅಂತ ತಂತಿ ಹಾಕ್ದೆ. ಒಂದು ತುದಿ ಮೊಳೆಗೆ, ಇನ್ನೊಂದು ತುದಿ..." ಅವಳ ದನಿ ಅಲ್ಲೇ ಕುಗ್ಗಿತು. "ಇನ್ನೊಂದು ತುದಿ ಸೂರಿನ ಬೋಲ್ಟಿಗೆ ಬಿಗಿದೆ ಮಾವ."

ಮೊಳೆ ವೈರನ್ನು ತೂರಿಕೊಂಡು ತೊಲೆಗೆ ಇಳಿದಿದೆ. ಮೊಳೆಯಿಂದ ತಂತಿ, ತಂತಿಯಿಂದ ತಗಡು, ತಗಡಿನಿಂದ ಬಟ್ಟೆ ಹರಡುವ ಸರಿಗೆ. ಆ ತಂತಿಯ ಕೆಳಗೆ ಒಂದು ಕೈಯಳತೆಯಲ್ಲಿ ಕೂಸನ್ನು ಮಲಗಿಸುತ್ತಿದ್ದರು. ಪ್ರೊಫೆಸರಿಗೆ ಲೆಕ್ಕ ಹಾಕಬೇಕಾಗಿರಲಿಲ್ಲ. ಕಡ್ಡಿಯನ್ನು ನೆಲಕ್ಕೂರಿ ಹಿಡಿದುಕೊಂಡರು.

ಬೊಸಿಬೊರಿ ಅಳತೊಡಗಿದ್ದಳು. "ಮೊನ್ನೆ ನೀವು ಮೊಳೆ ಅಂದಾಗಲೇ ನಂಗೆ ಅದು ತಲೆಗೆ ಬಂತು. ಸೊಳ್ಳೆ ಪರದೆಗೂ ಕರೆಂಟಿಗೂ ಏನು ಅಂತ ಸುಮ್ಮನಾದೆ. ಅದೂ ಅಲ್ದೆ... ನಿಮಗೆ ಹೇಗೆ ಹೇಳ್ಲಿ?"

"ನೀನು ಹೇಗೆ ಹೇಳ್ತೀಯ," ಎಂದರು ಮರೂಬೆ, ಚಹಾ ಗಿಡಗಳಿಗೆ ಹೇಳುವವರಂತೆ. "ನಾನು ಹೇಗೆ ಕೇಳ್ತೀನಿ? ಇಬ್ಬರದ್ದೂ ತಪ್ಪಿಲ್ಲ. ಈಗ ಹೇಳಿದ್ಯಲ್ಲ, ಮುಗೀತು."

"ಅಯ್ಯೋ ನನ್ನ ಕರ್ಮವೇ, ಹಾಲು ಹಿಡ್ಕೊಂಡು ಹೋಗಿ ಎಲ್ಲಾ ಸರಿಯಾಗಿದೆಯೇನಮ್ಮ ಅಂತ ಕೇಳ್ಬಂದೆನಲ್ಲ," ಎಂದು ಕೆಮುಂಟೊ ತಲೆ ಚಚ್ಚಿಕೊಂಡಳು. ಆಮೇಲೆ ಸೊಸೆಯ ಬೆನ್ನಿನಿಂದ ಕೂಸನ್ನು ಬಿಚ್ಚಿ ತನ್ನ ಸೊಂಟಕ್ಕೆ ಹಾಕಿಕೊಂಡಳು.

ಮೈನ್ ಆರಿಸಲಾಯಿತು. ಯಾರೂ ಅದನ್ನು ಮತ್ತೆ ಹಾಕದಂತೆ ಕೆಮುಂಟೊ ಕೂಸಿನ ಸಮೇತ ಎ ನಲ್ಲಿ ಸ್ವಿಚ್ಚಿನ ಮುಂದೆ ಕಾವಲು ನಿಂತಳು. ಮರೂಬೆ ಅಂಗಳದಲ್ಲಿ ನಿಂತು ಸರಿಗೆಗೆ ಟೆಸ್ಟರ್ ಹಿಡಿದು, ಸತ್ತಿದೆ ಎಂದು ಎರಡೆರಡು ಸಲ ನೋಡಿದರು.

"ಮೊದಲು ಬೋಲ್ಟಿನ ತುದಿ ಬಿಚ್ಚು ಮಗಳೇ. ಆಮೇಲೆ ಮೊಳೆ ಕೀಳು. ಕಿತ್ತಿದ್ದನ್ನ ನಂಗೆ ಎಸಿ."

ಒಳಗಿನಿಂದ ಸ್ಟೂಲು ಎಳೆದ ಸದ್ದು, ಇಕ್ಕಳದ ಸದ್ದು. ಸ್ವಲ್ಪ ಹೊತ್ತಿಗೆ ಹೊಸ್ತಿಲಾಚೆ ಮೊಳೆ ಬಂದು ಬಿತ್ತು. ಅದರ ಮೈಯ ಒಂದು ಕಡೆ ಸುಟ್ಟು ಕಪ್ಪಾಗಿತ್ತು, ಒಂದು ಎಳೆ ತಾಮ್ರ ಅಂಟಿಕೊಂಡಿತ್ತು. ಮರೂಬೆ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಇಷ್ಟು ವರ್ಷ ಅವರು ಹುಡುಕಿದ ದೋಷಗಳೆಲ್ಲ ದೂರದ ಯಾವುದೋ ಕಾಡಿನಲ್ಲಿದ್ದವು, ಬೇರೆ ಯಾರೋ ಹೋಗಿ ತೆಗೆಯುತ್ತಿದ್ದರು. ಒಂದನ್ನೂ ಹೀಗೆ ಕೈಯಲ್ಲಿ ಹಿಡಿದಿರಲಿಲ್ಲ.

"ಸಿ ನಲ್ಲಿ ವೈರಿನ ಬಟ್ಟೆ ಹರಿದಿದೆ ಮಾವ. ತಾಮ್ರ ಕಾಣ್ತಿದೆ," ಎಂದು ಕೂಗಿದಳು ಬೊಸಿಬೊರಿ. ಈಗ ಅವಳ ದನಿಯಲ್ಲಿ ಅಳುಕಿರಲಿಲ್ಲ.

"ಟೇಪು ಕೊಡ್ತೀನಿ. ಎರಡೂ ಕಡೆ ನಾಲ್ಕು ಬೆರಳು ಜಾಸ್ತಿ ಸುತ್ತು. ಇದು ತಾತ್ಕಾಲಿಕ. ಮೊಕಾಯ ಬಂದ ಮೇಲೆ ನ್ಯಾಕುಂಡಿ ಹೊಸ ವೈರು ಎಳೀಲಿ. ಅಲ್ಲೀವರೆಗೂ ದೀಪದ ಸಾಲು ಆರಿಸಿಯೇ ಇರಲಿ. ಪರದೆ ದಾರದಲ್ಲಿ ಕಟ್ಟು, ಜೋಲಿದ್ರೆ ಜೋಲಲಿ."

ಅವಳು ಟೇಪು ಸುತ್ತಿ ಮುಗಿಸಿದ ಮೇಲೆ, ಪರೀಕ್ಷೆಗೆಂದು ಒಮ್ಮೆ ಮೈನ್ ಹಾಕಿಸಿ, ದೀಪದ ಸಾಲು ಹಾಕಿಸಿದರು. ಟೆಸ್ಟರನ್ನು ಸರಿಗೆಗೆ ಮುಟ್ಟಿಸಿದರು. ಹತ್ತಲಿಲ್ಲ. ತಗಡಿಗೆ ಮುಟ್ಟಿಸಿದರು. ಹತ್ತಲಿಲ್ಲ. ಟೆಸ್ಟರೇ ಕೆಟ್ಟಿರಬಹುದೆಂದು ಕೆಮುಂಟೊ ಒಳಗಿನಿಂದ ಸಂಶಯ ಹೇಳಿದಳು. ಮರೂಬೆ ಚಪ್ಪಲಿ ಕಳಚಿ, ಒದ್ದೆ ನೆಲದಲ್ಲಿ ಬರಿಗಾಲೂರಿ, ಬೆರಳ ಹಿಂಬದಿಯಿಂದ ಸರಿಗೆಯನ್ನು ಮುಟ್ಟಿದರು. ಆಮೇಲೆ ಪೂರ್ತಿ ಕೈಯಿಂದ ಹಿಡಿದುಕೊಂಡು ನಿಂತರು.

ಬೊಸಿಬೊರಿ ಬಾಗಿಲ ಪರದೆಯ ಅಂಚಿನಿಂದ ಅದನ್ನು ನೋಡುತ್ತಿದ್ದಳು.

ದೀಪದ ಸಾಲು ಮತ್ತೆ ಆರಿಸಿದ ಮೇಲೆ ಅವಳು ಗುಡಿಸಲಿಗೆ ಹೋದಳು. ಹೊರಗೆ ಬಂದಾಗ ತಲೆಯ ಮೇಲೆ ಸುತ್ತಿದ ಚಾಪೆ, ಕಂಬಳಿ, ದಿಂಬು. ಮರೂಬೆಯವರು ಅದನ್ನು ನೋಡಿದ ಕೂಡಲೇ ಸರಿಗೆ ಬಿಟ್ಟು ಕಣಿವೆಯ ಕಡೆ ತಿರುಗಿಕೊಂಡರು. ಹಾಸಿಗೆ ಹೊತ್ತು ಹೋಗುವ ಸೊಸೆಯನ್ನು ಮಾವ ನೋಡಬಾರದು. ಕೈ ಹಿಂದೆ ಕಟ್ಟಿಕೊಂಡು, ಎದುರಿನ ಗುಡ್ಡದಲ್ಲಿ ಯಾರೋ ಚಹಾ ಎಲೆ ಬಿಡಿಸುತ್ತಿದ್ದುದನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತರು. ಬೆನ್ನ ಹಿಂದೆ ಬರಿಗಾಲಿನ ಸಪ್ಪಳ ಅಂಗಳ ದಾಟಿತು, ಮೆಟ್ಟಿಲು ಹತ್ತಿತು, ಒಳಗೆ ಹೋಯಿತು.

"ಹೋದ್ಲಾ?" ಎಂದು ಕೇಳಿದರು.

"ಹೋದ್ಲು," ಎಂದಳು ಕೆಮುಂಟೊ. "ಇನ್ನೂ ಎರಡು ಸಲ ಹೊರಬೇಕಂತೆ. ಹಾಗೇ ನಿಂತಿರಿ."

ಅವರು ಹಾಗೇ ನಿಂತರು.